ಪರದೆಯ ಲೆಕ್ಕ ಯಾರ ಕೆಲಸ? ಪಿಸಿ ಯುನಿಕ್ಸ್‌ನಲ್ಲಿ ಮೋಡ್‌ಲೈನ್‌ನ ಚರಿತ್ರೆ

1990ರ ದಶಕದಲ್ಲಿ ತಮ್ಮ ಪಿಸಿಗೆ ಲಿನಕ್ಸ್ ಅಥವಾ ಬಿಎಸ್‌ಡಿ ಹಾಕಿಕೊಂಡವರ ನೆನಪುಗಳಲ್ಲಿ ಒಂದು ದೂರು ತಪ್ಪದೆ ಬರುತ್ತದೆ: ಚಿತ್ರಪರದೆಯನ್ನು ಎಬ್ಬಿಸುವಷ್ಟರಲ್ಲಿ ಸಾಕುಬೇಕಾಗುತ್ತಿತ್ತು. ಗ್ರಾಫಿಕ್ಸ್ ಕಾರ್ಡಿನ ಚಿಪ್ ಯಾವುದು, ಅದರಲ್ಲಿ ಮೆಮೊರಿ ಎಷ್ಟು, ಮಾನಿಟರ್ ಎಷ್ಟು ಕಿಲೋಹರ್ಟ್ಸ್ ತಾಳುತ್ತದೆ, ಇವನ್ನೆಲ್ಲ ಒಂದು ಕಡತದಲ್ಲಿ ಕೈಯಾರೆ ಬರೆಯಬೇಕಿತ್ತು. ಯುನಿಕ್ಸ್ ಇರುವುದೇ ಹಾಗೆ, ಪಂಡಿತರು ಪಂಡಿತರಿಗಾಗಿ ಕಟ್ಟಿದ್ದು ಎಂಬ ವಿವರಣೆ ಇದಕ್ಕೆ ಸಲೀಸಾಗಿ ಸಿಗುತ್ತದೆ. ಆದರೆ ದಾಖಲೆಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಆ ವಿವರಣೆ ನಿಲ್ಲುವುದಿಲ್ಲ. ಕಾರ್ಡ್ ಮಾಡುವವರು ಒಬ್ಬರು, ಮಾನಿಟರ್ ಮಾಡುವವರು ಇನ್ನೊಬ್ಬರು ಆದ ಮಾರುಕಟ್ಟೆಯಲ್ಲಿ ಇಬ್ಬರ ನಡುವೆ ಬಿದ್ದುಹೋದ ಮಾಹಿತಿಯನ್ನು ಬಳಕೆದಾರ ತಾನೇ ಹುಡುಕಿ ತುಂಬಬೇಕಾಯಿತು. ಆ ತುಂಬುವ ಸಾಲಿಗೇ ಮೋಡ್‌ಲೈನ್ ಎಂದು ಹೆಸರು.

ಯುನಿಕ್ಸ್‌ನಲ್ಲಿ ಚಿತ್ರಪರದೆಯನ್ನು ನಡೆಸುವ ಎಕ್ಸ್ ವಿಂಡೋ ವ್ಯವಸ್ಥೆ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಅವರ ಕೈಯಲ್ಲಿ ಹುಟ್ಟಿತು. ಹನ್ನೊಂದನೆಯ ಆವೃತ್ತಿ 1987ರ ಸೆಪ್ಟೆಂಬರ್‌ನಲ್ಲಿ ಬಂತು. ಅಂದು ಅದು ಓಡುತ್ತಿದ್ದದ್ದು ವರ್ಕ್‌ಸ್ಟೇಷನ್‌ಗಳಲ್ಲಿ. ಅಲ್ಲಿ ಯಂತ್ರ, ಚಿತ್ರದ ಬೋರ್ಡ್, ಮಾನಿಟರ್ ಮೂರೂ ಒಂದೇ ಕಂಪನಿಯಿಂದ ಬರುತ್ತಿದ್ದವು. ಸನ್ ಯಂತ್ರಗಳ 1152×900 ಚುಕ್ಕೆಗಳ ಪರದೆ ಸೆಕೆಂಡಿಗೆ 66 ಬಾರಿ, 61.8 ಕಿಲೋಹರ್ಟ್ಸ್ ಅಡ್ಡ ಆವರ್ತನದಲ್ಲಿ (ಸೆಕೆಂಡಿಗೆ ಬರೆಯುವ ಸಾಲುಗಳ ಲೆಕ್ಕ) ಓಡುವಂತೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತಿತ್ತು. ಅದನ್ನು ಬದಲಿಸಬೇಕೆಂಬ ಯೋಚನೆಯೂ ಯಾರಿಗೂ ಬರುತ್ತಿರಲಿಲ್ಲ. ಯುನಿಕ್ಸ್ ಅದೇ, ಎಕ್ಸ್ ಅದೇ. ಬಳಕೆದಾರನ ತಲೆಗೆ ಲೆಕ್ಕ ಮಾತ್ರ ಇರಲಿಲ್ಲ.

ಪಿಸಿಯ ದಾರಿ ಬೇರೆ. ಐಬಿಎಂ 1987ರ ಏಪ್ರಿಲ್‌ನಲ್ಲಿ ಪಿಎಸ್/2 ಯಂತ್ರಗಳ ಜತೆ ತಂದ ವಿಜಿಎಯಲ್ಲಿ ಚುಕ್ಕೆಗಳ ವೇಗ ನಿಗದಿಮಾಡಲು 25.175 ಮತ್ತು 28.322 ಮೆಗಾಹರ್ಟ್ಸ್‌ನ ಎರಡೇ ಗಡಿಯಾರಗಳು. 350, 400, 480 ಸಾಲುಗಳ ಪೈಕಿ ಈಗ ಬರುತ್ತಿರುವುದು ಯಾವುದು ಎಂಬುದನ್ನು ವಿಜಿಎ ಮಾನಿಟರಿಗೆ ತಿಳಿಸುತ್ತಿದ್ದದ್ದು ಸಾಲು ಮತ್ತು ಪರದೆ ಎಲ್ಲಿ ಶುರುವಾಗಬೇಕೆಂದು ಹೇಳುವ ಎರಡು ಸಿಂಕ್ ಸಂಕೇತಗಳ ಧನ-ಋಣ ಚಿಹ್ನೆಯ ಮೂಲಕ: ಎರಡೂ ಋಣವಾಗಿದ್ದರೆ 480 ಸಾಲು. ಸೊಗಸಾದ ಉಪಾಯ, ಆದರೆ ಮಾತು ಒಂದೇ ಕಡೆಯದು. ತಾನು ಎಷ್ಟು ತಾಳಬಲ್ಲೆ ಎಂದು ಮಾನಿಟರ್ ತಿರುಗಿ ಹೇಳುವ ದಾರಿ ಬಹುಮಟ್ಟಿಗೆ ಇರಲೇ ಇಲ್ಲ. ಐಬಿಎಂ ಒಂದೇ ಇದ್ದಾಗ ಅದು ಸಾಕಾಗಿತ್ತು. ಸೂಪರ್ ವಿಜಿಎ ಹೆಸರಿನಲ್ಲಿ ಹತ್ತಾರು ಕಂಪನಿಗಳು 800×600, 1024×768 ಎನ್ನುತ್ತ ಬಂದಾಗ, ಎನ್‌ಇಸಿಯ ಮಲ್ಟಿಸಿಂಕ್ ಮಾದರಿಯ ಬಹು ಆವರ್ತನದ ಮಾನಿಟರುಗಳು ಮತ್ತು ಅಗ್ಗದ ಒಂದೇ ಆವರ್ತನದವು ಒಂದೇ ಅಂಗಡಿಯಲ್ಲಿ ಸಿಗತೊಡಗಿದಾಗ, ಸಾಲಲಿಲ್ಲ. ವೆಸಾ ಸಂಸ್ಥೆ 1989ರಲ್ಲಿ ಹುಟ್ಟಿದ್ದೇ ಈ ಗೊಂದಲಕ್ಕೆ ಒಂದು ಮಟ್ಟ ಕಟ್ಟಲು.

ಈ ಗೊಂದಲದ ನಡುವಿಗೇ ಎಕ್ಸ್ ಬಂದಿಳಿಯಿತು. ಜರ್ಮನಿಯ ಥಾಮಸ್ ರೋಲ್ 386 ಪಿಸಿಗಳಿಗಾಗಿ ಬರೆದ ಎಕ್ಸ್386 ಎಂಬ ಸರ್ವರ್ (ಪರದೆಗೆ ಚಿತ್ರ ಬರೆಯುವ ತಂತ್ರಾಂಶ) 1991ರ ಎಕ್ಸ್11 ಐದನೆಯ ಬಿಡುಗಡೆಯಲ್ಲಿ ಸೇರಿತು. ಅದನ್ನು ತಿದ್ದಿ ವೇಗ ಹೆಚ್ಚಿಸಲು 1992ರಲ್ಲಿ ಡೇವಿಡ್ ಡಾಸ್, ಗ್ಲೆನ್ ಲೈ, ಜಿಮ್ ಸಿಲಾಸ್, ಡೇವಿಡ್ ವೆಕ್ಸೆಲ್‌ಬ್ಲಾಟ್ ಕೈಜೋಡಿಸಿದರು. ಅದೇ ಎಕ್ಸ್‌ಫ್ರೀ86 ಆಯಿತು. ಅದೇ ವರ್ಷ ಓರೆಸ್ಟ್ ಝ್ಬೊರೋವ್ಸ್ಕಿ ಎಕ್ಸ್ ಅನ್ನು ಲಿನಕ್ಸ್‌ಗೆ ತಂದರು. ಬಿಡುವಿನ ವೇಳೆಯಲ್ಲಿ ದುಡಿಯುವ ಬೆರಳೆಣಿಕೆಯ ಮಂದಿ, ಎದುರಿಗೆ ಜಗತ್ತಿನ ಎಲ್ಲ ಕಾರ್ಡುಗಳು, ಎಲ್ಲ ಮಾನಿಟರುಗಳು. ಇವರು ಕಂಡುಕೊಂಡ ದಾರಿ ಸರಳ: ಊಹೆ ಮಾಡುವುದು ಬೇಡ, ಮಾನಿಟರ್ ಕಣ್ಣೆದುರಿಗೆ ಇರುವವನೇ ಬರೆಯಲಿ.

ಅವನು ಬರೆಯಬೇಕಾಗಿದ್ದ ಸಾಲು ಹೀಗಿರುತ್ತಿತ್ತು:

ಮೋಡ್‌ಲೈನ್ “1024×768” 65 1024 1048 1184 1344 768 771 777 806

ಮೊದಲ ಸಂಖ್ಯೆ ಪಿಕ್ಸೆಲ್ ಗಡಿಯಾರ, 65 ಮೆಗಾಹರ್ಟ್ಸ್. ಅಂದರೆ ಒಂದು ಚುಕ್ಕೆಗೆ ಸಿಗುವ ಸಮಯ 15.4 ನ್ಯಾನೋಸೆಕೆಂಡ್. ಮುಂದಿನ ನಾಲ್ಕು ಒಂದು ಸಾಲಿನ ಕಥೆ, ಕೊನೆಯ ನಾಲ್ಕು ಇಡೀ ಪರದೆಯದು. 1024ನೆಯ ಚುಕ್ಕೆಗೆ ಚಿತ್ರ ಮುಗಿಯುತ್ತದೆ. 1048ರಲ್ಲಿ ಸಿಂಕ್ ಸಂಕೇತ ಏಳುತ್ತದೆ, 1184ರಲ್ಲಿ ಬೀಳುತ್ತದೆ. 1344ಕ್ಕೆ ಸಾಲು ಪೂರ್ತಿಯಾಗುತ್ತದೆ. ಚಿತ್ರ ಮುಗಿದ ಮೇಲೂ 320 ಚುಕ್ಕೆಗಳಷ್ಟು ಹೊತ್ತು ಯಾಕೆ? ಓದುವವರ ಕಣ್ಣು ಸಾಲಿನ ಕೊನೆಯಿಂದ ಮುಂದಿನ ಸಾಲಿನ ಮೊದಲಿಗೆ ಹೊರಳುವಂತೆ ಗಾಜಿನ ಕೊಳವೆಯೊಳಗಿನ ಇಲೆಕ್ಟ್ರಾನ್ ಕಿರಣವೂ ಎಡಕ್ಕೆ ಮರಳಬೇಕು, ಮರಳುವಾಗ ಅದು ಕಾಣಬಾರದು. 65 ಮೆಗಾಹರ್ಟ್ಸ್ ಅನ್ನು 1344ರಿಂದ ಭಾಗಿಸಿದರೆ 48.4 ಕಿಲೋಹರ್ಟ್ಸ್, ಅದು ಅಡ್ಡ ಆವರ್ತನ. ಅದನ್ನು 806ರಿಂದ ಭಾಗಿಸಿದರೆ 60. ಸೆಕೆಂಡಿಗೆ ಅಷ್ಟು ಬಾರಿ ಪರದೆ ಬರೆಯಲ್ಪಡುತ್ತದೆ. ಒಟ್ಟು ಸಮಯದ ಕಾಲುಭಾಗಕ್ಕಿಂತ ಹೆಚ್ಚು ಬರೀ ಮರಳುವುದಕ್ಕೇ ಹೋಗುತ್ತದೆ.

ಚಿತ್ರ ಬಲಕ್ಕೆ ಸರಿದು ಕೂತಿದ್ದರೆ ಸಿಂಕ್‌ನ ಎರಡೂ ಅಂಕಿಗಳನ್ನು ಒಂದಷ್ಟು ಹೆಚ್ಚಿಸಬೇಕು, ಆಗ ಎಡಕ್ಕೆ ಬರುತ್ತದೆ. ಆದರೆ ಎಂಟೆಂಟರಂತೆ ಮಾತ್ರ: ವಿಜಿಎ ವಂಶದ ಚಿಪ್‌ಗಳು ಅಡ್ಡ ಅಳತೆಯನ್ನು ಎಣಿಸುವುದು ಎಂಟು ಚುಕ್ಕೆಗಳ ಅಕ್ಷರಗಳಲ್ಲಿ. ಅಕ್ಷರಪರದೆಯ ಕಾಲದ ಈ ಗುರುತು ಚಿತ್ರಪರದೆಯ ಲೆಕ್ಕದಲ್ಲೂ ಉಳಿದುಬಂತು.

ಮಾನಿಟರ್ 48 ಕಿಲೋಹರ್ಟ್ಸ್ ತಾಳದಿದ್ದರೆ? 35.5ಕ್ಕೆ ನಿಲ್ಲುವ ಅಗ್ಗದ ಮಾನಿಟರಿನಲ್ಲಿ 1024×768 ಬೇಕೆಂದರೆ ಒಂದೇ ದಾರಿ: 44.9 ಮೆಗಾಹರ್ಟ್ಸ್‌ನಲ್ಲಿ ಒಮ್ಮೆ ಬೆಸ ಸಾಲು, ಒಮ್ಮೆ ಸಮ ಸಾಲು ಬರೆಯುವ ಇಂಟರ್‌ಲೇಸ್ ಪದ್ಧತಿ. ಡಬ್ಬಿಯ ಮೇಲೆ 87 ಹರ್ಟ್ಸ್ ಎಂದು ದೊಡ್ಡದಾಗಿ ಬರೆದಿದ್ದರೂ ಒಂದೊಂದು ಸಾಲು ಬೆಳಗುತ್ತಿದ್ದದ್ದು ಅದರ ಅರ್ಧದಷ್ಟು ಬಾರಿ. ಎಕ್ಸ್‌ನ ಹಿನ್ನೆಲೆಯೋ ಕಪ್ಪು-ಬಿಳಿ ಚುಕ್ಕೆಗಳ ಸಣ್ಣ ನೇಯ್ಗೆ. ಇಂಟರ್‌ಲೇಸ್‌ನ ನಡುಕ ಎದ್ದು ಕಾಣಲು ಅದಕ್ಕಿಂತ ಒಳ್ಳೆಯ ವಿನ್ಯಾಸ ಹುಡುಕಿದರೂ ಸಿಗದು.

ತಪ್ಪು ಸಂಖ್ಯೆ ಬರೆದರೆ ಮಾನಿಟರ್ ಸುಡುತ್ತದೆ ಎಂಬ ಮಾತು ಪುಕಾರಲ್ಲ. ಕಿರಣವನ್ನು ಅಡ್ಡಕ್ಕೆ ಎಳೆಯುವ ಸುರುಳಿ, ಅದನ್ನು ನಡೆಸುವ ಟ್ರಾನ್ಸಿಸ್ಟರ್, ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಒಂದು ನಿರ್ದಿಷ್ಟ ವ್ಯಾಪ್ತಿಯ ಆವರ್ತನಕ್ಕೆ ಹೊಂದಿಸಿದವು. ಆಚೀಚೆ ಹೋದರೆ ಬಿಸಿಯೇರಿ ಟ್ರಾನ್ಸಿಸ್ಟರ್ ಕೈಕೊಡಬಹುದು. ಸ್ವರಕ್ಷಣೆಯ ವ್ಯವಸ್ಥೆ ಇಲ್ಲದ ಹಳೆಯ ಮಾನಿಟರುಗಳಿಗೆ ಇದು ನಿಜವಾದ ಅಪಾಯ; ಮುಂದೆ ಬಂದವು ಹೊರಗಿನ ಆವರ್ತನ ಬಂದರೆ ಚಿತ್ರ ಕೆಡಿಸಿ ಸುಮ್ಮನಾಗುತ್ತಿದ್ದವು. ಎಕ್ಸ್‌ಫ್ರೀ86 3.1ರಿಂದ ಬಂದ ಹೊಸ ಸಂರಚನಾ ಕಡತದಲ್ಲಿ ಮಾನಿಟರಿಗೇ ಒಂದು ವಿಭಾಗ ಸೇರಿತು. ಅಲ್ಲಿ ಅಡ್ಡ ಮತ್ತು ಲಂಬ ಆವರ್ತನಗಳ ಮಿತಿ ಬರೆದರೆ, ಅದನ್ನು ಮೀರಿದ ಮೋಡ್‌ಲೈನ್‌ಗಳನ್ನು ಸರ್ವರ್ ತಾನೇ ತಳ್ಳಿಹಾಕುತ್ತಿತ್ತು. ಇಡೀ ಯೋಜನೆಯಲ್ಲಿ ಬಳಕೆದಾರನಿಗೆ ಅತಿ ಹೆಚ್ಚು ಉಪಕಾರ ಮಾಡಿದ ಬದಲಾವಣೆ ಇದೇ ಎಂಬುದು ನನ್ನ ಎಣಿಕೆ. ಆದರೆ ಮಿತಿಯ ಅಂಕಿ ಇದ್ದದ್ದು ಮಾನಿಟರ್ ಜತೆ ಬಂದ ಪುಸ್ತಿಕೆಯಲ್ಲಿ, ಪುಸ್ತಿಕೆ ಎಲ್ಲರ ಬಳಿ ಇರುತ್ತಿರಲಿಲ್ಲ.

ಕಾರ್ಡಿನ ಕಡೆಯ ಕಗ್ಗಂಟು ಇನ್ನೂ ಬಿಗಿ. ಆಗಿನ ಕಾರ್ಡುಗಳ ಮೇಲೆ ನಾಲ್ಕೋ ಎಂಟೋ ಹದಿನಾರೋ ಸ್ಥಿರ ಆವರ್ತನಗಳ ಗಡಿಯಾರ ಚಿಪ್ ಇರುತ್ತಿತ್ತು. ಒಂದೇ ಗ್ರಾಫಿಕ್ಸ್ ಚಿಪ್ ಇದ್ದರೂ ಕಾರ್ಡಿನಿಂದ ಕಾರ್ಡಿಗೆ ಆ ಪಟ್ಟಿ ಬೇರೆ. ಸರ್ವರ್ ಒಂದೊಂದೇ ಗಡಿಯಾರ ಹಚ್ಚಿ, ಕಿರಣ ಒಮ್ಮೆ ಮೇಲಕ್ಕೆ ಮರಳಿದ ಮೇಲೆ ಮತ್ತೆ ಮರಳುವವರೆಗಿನ ಹೊತ್ತನ್ನು ಅಳೆದು ಆವರ್ತನ ಕಂಡುಹಿಡಿಯುತ್ತಿತ್ತು. ಯಂತ್ರಕ್ಕೆ ಬೇರೆ ಕೆಲಸವಿದ್ದರೆ ಅಳತೆ ತಪ್ಪುತ್ತಿತ್ತು. ಹಾಗಾಗಿ ಒಮ್ಮೆ ಅಳೆದು, ಸಿಕ್ಕ ಪಟ್ಟಿಯನ್ನು ಕಡತದಲ್ಲಿ ಬರೆದಿಡಬೇಕಿತ್ತು. ಬೇಕಾದ ಆವರ್ತನ ಹುಟ್ಟಿಸಬಲ್ಲ ಗಡಿಯಾರ ಚಿಪ್‌ಗಳು ಬಂದಾಗ ಈ ತೊಂದರೆ ನೀಗಬೇಕಿತ್ತು. ನೀಗಲಿಲ್ಲ, ಏಕೆಂದರೆ ಅವನ್ನು ನಡೆಸುವ ವಿವರ ಕೆಲವು ಕಂಪನಿಗಳ ಗುಟ್ಟು. ಡೈಮಂಡ್ ಕಂಪನಿ ಗೌಪ್ಯತೆಯ ಒಪ್ಪಂದವಿಲ್ಲದೆ ವಿವರ ಕೊಡಲು ಒಪ್ಪಲಿಲ್ಲ. ಮೂಲಸಂಕೇತವನ್ನೇ ಎಲ್ಲರಿಗೂ ಬಿಚ್ಚಿಡುವ ತಂಡ ಅಂಥ ಒಪ್ಪಂದಕ್ಕೆ ಸಹಿ ಹಾಕುವಂತಿರಲಿಲ್ಲ. ಆ ಕಂಪನಿಯ ಕಾರ್ಡ್ ಕೊಳ್ಳಬೇಡಿ ಎಂಬ ಸಲಹೆ ಎಕ್ಸ್‌ಫ್ರೀ86ನ ದಾಖಲೆಗಳಲ್ಲೇ ಸೇರಿತು. ದಶಕದ ನಡುವೆ ಕಂಪನಿ ನಿಲುವು ಬದಲಿಸಿತು, ಬೆಂಬಲವೂ ಬಂತು.

ಇಲ್ಲಿ ವಿಂಡೋಸ್ ಜತೆಗಿನ ಹೋಲಿಕೆ ಕಣ್ಣು ತೆರೆಸುತ್ತದೆ. ಅದೇ ಕಾರ್ಡ್, ಅದೇ ಮಾನಿಟರ್ ಅಲ್ಲಿ ಸುಲಭವಾಗಿ ಏಳುತ್ತಿದ್ದವು. ಅಲ್ಲಿ ಮೋಡ್‌ಲೈನ್ ಇರಲಿಲ್ಲ ಎಂದಲ್ಲ. ಅದೇ ಸಂಖ್ಯೆಗಳನ್ನು ಕಾರ್ಡಿನ ಕಂಪನಿಯೇ ತನ್ನ ಡ್ರೈವರ್ ಮತ್ತು ಬಯೋಸ್‌ನೊಳಗೆ ತುಂಬಿ ಕಳುಹಿಸುತ್ತಿತ್ತು.

ಕಂಪನಿಗಳು ಕೊಡದ್ದನ್ನು ಬಳಕೆದಾರರು ತಾವೇ ಕಲೆಹಾಕಿದರು. ಮಾನಿಟರಿನಿಂದ ಮಾನಿಟರಿಗೆ ಸರಿಹೊಂದಿದ ಮೋಡ್‌ಲೈನ್‌ಗಳ ಪಟ್ಟಿಗಳು ಎಕ್ಸ್‌ಫ್ರೀ86 ಜತೆಗೇ ಹಂಚಿಕೆಯಾದವು. ಚಿನ್ ಫಾಂಗ್ ಮತ್ತು ಬಾಬ್ ಕ್ರಾಸನ್ ಬರೆದ ಪಾಠಗಳನ್ನು ಆಧರಿಸಿ ಎರಿಕ್ ರೇಮಂಡ್ ರೂಪಿಸಿದ ವಿಡಿಯೋ ಟೈಮಿಂಗ್ಸ್ ಕೈಪಿಡಿ ಲಿನಕ್ಸ್ ದಾಖಲೆಗಳ ಭಾಗವಾಯಿತು. ಕಿರಣದ ಚಲನೆಯಿಂದ ಹಿಡಿದು ಸಿಂಕ್‌ನ ಅಗಲದವರೆಗೆ ಬಳಕೆದಾರನಿಗೆ ಲೆಕ್ಕ ಕಲಿಸಿದ ಬರಹ ಅದು. ಪ್ರಶ್ನೆ ಕೇಳಿ ಕಡತ ಬರೆಯುವ ಎಕ್ಸ್‌ಎಫ್86ಕಾನ್ಫಿಗ್, ಚಿತ್ರವನ್ನು ನೋಡುತ್ತಲೇ ಸರಿಸಲು ಎಕ್ಸ್‌ವಿಡ್‌ಟ್ಯೂನ್ ಬಂದವು. ನಮ್ಮಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ 1996ರಿಂದ ಲಿನಕ್ಸ್ ಸಿ.ಡಿ.ಗಳನ್ನು ಓದುಗರಿಗೆ ಹಂಚಿತು. ಅದಕ್ಕೆ ಒತ್ತಾಸೆಯಾಗಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಆ ಸಿ.ಡಿ.ಗಳಿಂದ ಲಿನಕ್ಸ್ ಹಾಕಿಕೊಂಡವರಿಗೂ ಇದೇ ಕಡತ, ಇದೇ ಲೆಕ್ಕ.

ಬಿಡುಗಡೆ ಬಂದದ್ದು ಮಾನಿಟರಿಗೆ ಬಾಯಿ ಬಂದ ಮೇಲೆ. ವೆಸಾ 1994ರಲ್ಲಿ ಡಿಡಿಸಿ ಎಂಬ ಮಟ್ಟವನ್ನು ಗೊತ್ತುಮಾಡಿತು. ಅದೇ ವಿಜಿಎ ತಂತಿಯ ಮೂಲಕ ಮಾನಿಟರ್ ತನ್ನ ತಯಾರಕರ ಗುರುತು, ತಾಳುವ ಮೋಡ್‌ಗಳು ಮುಂತಾದವನ್ನು 128 ಬೈಟ್‌ಗಳ ಇಡಿಐಡಿ ಎಂಬ ಕಟ್ಟಿನಲ್ಲಿ ಹೇಳತೊಡಗಿತು. 2000ದ ಮಾರ್ಚ್‌ನಲ್ಲಿ ಬಂದ ಎಕ್ಸ್‌ಫ್ರೀ86 4.0 ಈ ಕಟ್ಟನ್ನು ಓದಿ ತಾನೇ ಮೋಡ್ ಆರಿಸಿಕೊಳ್ಳುವತ್ತ ಹೊರಳಿತು. 2004ರಲ್ಲಿ ಪರವಾನಗಿಯ ಜಗಳಕ್ಕೆ ಎಕ್ಸ್‌ಫ್ರೀ86 ಒಡೆದು ಎಕ್ಸ್.ಆರ್ಗ್ ಮುಂದಾಯಿತು. 2009ರ ಲಿನಕ್ಸ್ 2.6.29ರೊಂದಿಗೆ, ಮೊದಲು ಇಂಟೆಲ್ ಚಿಪ್‌ಗಳಿಗೆ, ಮೋಡ್ ಹೊಂದಿಸುವ ಕೆಲಸ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿಗೇ ಹೋಯಿತು. ಕಡತ ಬರೆಯುವ ಕೆಲಸ ಬಹುಪಾಲು ಜನರಿಗೆ ತಪ್ಪಿತು. ಯುನಿಕ್ಸ್ ಏನೂ ದಿಢೀರನೆ ಸರಳವಾಗಲಿಲ್ಲ. ಮಾಹಿತಿ ಅದು ಇರಬೇಕಾದ ಜಾಗದಿಂದ ಬರತೊಡಗಿತು, ಅಷ್ಟೆ.

ಹಳೆಯ ಸಾಲು ಮಾತ್ರ ಅಳಿದಿಲ್ಲ. ಲಿನಕ್ಸ್ ಕರ್ನೆಲ್ಲಿನ ಇಡಿಐಡಿ ಕಡತದಲ್ಲಿರುವ ಪಟ್ಟಿ ಇಂದಿಗೂ ಮೋಡ್‌ಲೈನ್‌ನ ಕ್ರಮದಲ್ಲೇ ಇದೆ. 640×480ಕ್ಕೆ ಅಲ್ಲಿ ಬರೆದಿರುವ ಗಡಿಯಾರ 25175 ಕಿಲೋಹರ್ಟ್ಸ್, 1987ರ ವಿಜಿಎಯದೇ.