ಬೆಲ್ಜಿಯಂನ ರಾಜಪ್ರಶ್ನೆ ಮತ್ತು 1950ರ ಜನಮತಗಣನೆ

ಎರಡನೆಯ ಮಹಾಯುದ್ಧದ ಅನಂತರ ದೊರೆ ಮೂರನೆಯ ಲಿಯೊಪೋಲ್ಡ್ ಮರಳಿ ರಾಜ್ಯಭಾರ ವಹಿಸಿಕೊಳ್ಳಬಹುದೇ ಎಂಬ ಬಗ್ಗೆ ಬೆಲ್ಜಿಯಂನಲ್ಲಿ ಎದ್ದ ವಿವಾದವನ್ನು ಇತಿಹಾಸಕಾರರು ರಾಜಪ್ರಶ್ನೆ ಎಂದು ಕರೆಯುತ್ತಾರೆ. ಇದನ್ನು ಬಗೆಹರಿಸಲೆಂದು 1950ರ ಮಾರ್ಚ್ 12ರಂದು ನಡೆದ ಜನಮತಗಣನೆ ಆ ದೇಶದ ಏಕೈಕ ರಾಷ್ಟ್ರವ್ಯಾಪಿ ಜನಮತಗಣನೆಯಾಗಿದ್ದು, ವಿವಾದವನ್ನು ತಣಿಸುವ ಬದಲು ಭಾಷೆ, ಧರ್ಮ, ವರ್ಗಗಳ ಹಳೆಯ ಬಿರುಕುಗಳನ್ನು ಅಂಕಿಗಳಲ್ಲಿ ಬಯಲಿಗಿಟ್ಟಿತು.

ಹಿನ್ನೆಲೆ: 1830ರಲ್ಲಿ ಸ್ವತಂತ್ರವಾದ ಬೆಲ್ಜಿಯಂನ ಉತ್ತರ ಭಾಗವಾದ ಫ್ಲಾಂಡರ್ಸ್‌ನಲ್ಲಿ ಡಚ್ ಭಾಷೆಯೂ ದಕ್ಷಿಣದ ವಲೋನಿಯದಲ್ಲಿ ಫ್ರೆಂಚ್ ಭಾಷೆಯೂ ಜನರ ನುಡಿಗಳಾಗಿದ್ದರೂ, ಆಡಳಿತ, ನ್ಯಾಯಾಲಯ ಮತ್ತು ಉನ್ನತ ಶಿಕ್ಷಣಗಳಲ್ಲಿ ಬಹುಕಾಲ ಫ್ರೆಂಚ್ ಮೇಲುಗೈ ಪಡೆದಿತ್ತು. ಕಲ್ಲಿದ್ದಲು ಮತ್ತು ಉಕ್ಕಿನ ಉದ್ಯಮಗಳು ಬೆಳೆದ ವಲೋನಿಯದಲ್ಲಿ ಸಮಾಜವಾದಿ ಕಾರ್ಮಿಕ ಸಂಘಟನೆಗಳು ಬೇರೂರಿದರೆ, ಕೃಷಿಪ್ರಧಾನವಾಗಿದ್ದ ಫ್ಲಾಂಡರ್ಸ್‌ನಲ್ಲಿ ಕ್ಯಾಥೊಲಿಕ್ ಚರ್ಚಿನ ಪ್ರಭಾವ ಗಾಢವಾಗಿತ್ತು. ಕ್ಯಾಥೊಲಿಕರು, ಸಮಾಜವಾದಿಗಳು ಮತ್ತು ಉದಾರವಾದಿಗಳು ತಮ್ಮದೇ ಕಾರ್ಮಿಕ ಸಂಘ, ಪತ್ರಿಕೆ, ಆರೋಗ್ಯನಿಧಿಗಳನ್ನು ಕಟ್ಟಿಕೊಂಡು ಬೇರೆ ಬೇರೆಯಾಗಿ ಬಾಳುತ್ತಿದ್ದ ಈ ಏರ್ಪಾಡಿಗೆ ಸಮಾಜಶಾಸ್ತ್ರದಲ್ಲಿ ಸ್ತಂಭವ್ಯವಸ್ಥೆ ಎಂದು ಹೆಸರು.

1940ರ ಮೇ 10ರಂದು ಜರ್ಮನಿ ದಾಳಿ ಮಾಡಿದಾಗ ದೊರೆ ತಾನೇ ಸೈನ್ಯದ ನಾಯಕತ್ವ ವಹಿಸಿದ್ದನು. ದೇಶ ಬಿಟ್ಟು ಹೋರಾಟ ಮುಂದುವರಿಸಬೇಕೆಂಬ ಮಂತ್ರಿಗಳ ಸಲಹೆಯನ್ನು ತಳ್ಳಿಹಾಕಿ ಮೇ 28ರಂದು ಶರಣಾಗತನಾಗಿ ಅವನು ಸೆರೆಯಾಳಾಗಿ ಉಳಿದನು. ಮಂತ್ರಿಮಂಡಲ ಕೊನೆಗೆ ಲಂಡನ್ ಸೇರಿತು. ಅದೇ ನವೆಂಬರಿನಲ್ಲಿ ಅವನು ಹಿಟ್ಲರನನ್ನು ಭೇಟಿಯಾದದ್ದೂ 1941ರಲ್ಲಿ ಲಿಲಿಯನ್ ಬೇಲ್ಸಳನ್ನು ಮದುವೆಯಾದದ್ದೂ ಅಸಮಾಧಾನವನ್ನು ಹೆಚ್ಚಿಸಿದವು. ಸೆರೆಸಿಕ್ಕ ಡಚ್ ಭಾಷಿಕ ಸೈನಿಕರಲ್ಲಿ ಬಹುಪಾಲು ಜನರನ್ನು ಜರ್ಮನರು ಬೇಗನೆ ಬಿಡುಗಡೆ ಮಾಡಿ, ಫ್ರೆಂಚ್ ಭಾಷಿಕರಲ್ಲಿ ಹೆಚ್ಚಿನವರನ್ನು 1945ರವರೆಗೆ ಶಿಬಿರಗಳಲ್ಲಿಟ್ಟದ್ದರಿಂದ ಯುದ್ಧದ ನೆನಪೂ ಎರಡು ಪ್ರದೇಶಗಳಲ್ಲಿ ಎರಡು ಬಗೆಯಾಯಿತು. 1944ರಲ್ಲಿ ಜರ್ಮನಿಗೆ ಒಯ್ಯಲ್ಪಟ್ಟ ದೊರೆ ಬಿಡುಗಡೆಯ ಬಳಿಕ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದನು. ತಮ್ಮನಾದ ಚಾರ್ಲ್ಸ್ ರಾಜಪ್ರತಿನಿಧಿಯಾಗಿ ಅಧಿಕಾರ ನಡೆಸಿದನು.

ಮತದಾನ: ದೊರೆ ಪ್ರಜೆಗಳ ಕಷ್ಟದಲ್ಲಿ ಪಾಲುಗೊಂಡನೆಂದು ಕ್ಯಾಥೊಲಿಕ್ ಪಕ್ಷ ಸಮರ್ಥಿಸಿದರೆ, ಮಂತ್ರಿಗಳ ಒಪ್ಪಿಗೆಯಿಲ್ಲದೆ ದೊರೆ ನಡೆಯಬಾರದೆಂಬ ಸಂವಿಧಾನದ ನಿಯಮವನ್ನು ಮುರಿದನೆಂದು ಸಮಾಜವಾದಿಗಳೂ ಕಮ್ಯುನಿಸ್ಟರೂ ಬಹುಮಂದಿ ಉದಾರವಾದಿಗಳೂ ವಾದಿಸಿದರು. ಗಾಸ್ಟನ್ ಐಸ್ಕೆನ್ಸ್ ಸರ್ಕಾರ ಏರ್ಪಡಿಸಿದ ಜನಮತಗಣನೆ ಸಲಹಾರೂಪದ್ದು, ಎಂದರೆ ಅದರ ಫಲಿತಾಂಶ ಸಂಸತ್ತನ್ನು ಕಾನೂನಿನಂತೆ ಕಟ್ಟಿಹಾಕುತ್ತಿರಲಿಲ್ಲ, ಆದರೆ ಶೇ. 55ಕ್ಕಿಂತ ಕಡಿಮೆ ಬೆಂಬಲ ದೊರೆತರೆ ತಾನು ಮರಳುವುದಿಲ್ಲವೆಂದು ದೊರೆ ತಿಳಿಸಿದ್ದನು. ದೇಶದಾದ್ಯಂತ ಶೇ. 57.68 ಮತಗಳು ಅವನ ಪರವಾಗಿ ಬಂದವು. ಆದರೆ ಫ್ಲಾಂಡರ್ಸ್‌ನಲ್ಲಿ ಸುಮಾರು ಶೇ. 72ರಷ್ಟಿದ್ದ ಬೆಂಬಲ ಬ್ರಸೆಲ್ಸ್‌ನಲ್ಲಿ ಶೇ. 48ಕ್ಕೂ ವಲೋನಿಯದಲ್ಲಿ ಶೇ. 42ಕ್ಕೂ ಇಳಿದಿತ್ತು. ವಿಭಜನೆ ಕೇವಲ ಭಾಷೆಯದಾಗಿರಲಿಲ್ಲ: ಫ್ರೆಂಚ್ ಭಾಷಿಕವಾದರೂ ಗ್ರಾಮೀಣವೂ ಕ್ಯಾಥೊಲಿಕವೂ ಆಗಿದ್ದ ಲಕ್ಸೆಂಬರ್ಗ್ ಪ್ರಾಂತ್ಯ ದೊರೆಯ ಪರ ನಿಂತಿತು, ಗಣಿ ಮತ್ತು ಕಾರ್ಖಾನೆಗಳ ಎನೊ ಪ್ರಾಂತ್ಯ ವಿರುದ್ಧ ನಿಂತಿತು.

ಪರಿಣಾಮ: ಜೂನ್ ಚುನಾವಣೆಯಲ್ಲಿ ಕ್ಯಾಥೊಲಿಕ್ ಪಕ್ಷ ಬಹುಮತ ಗಳಿಸಿ ಜುಲೈ 22ರಂದು ದೊರೆಯನ್ನು ಕರೆತಂದಿತು. ಕೂಡಲೇ ವಲೋನಿಯದಲ್ಲಿ ಮುಷ್ಕರಗಳು ಹಬ್ಬಿದವು. ಜುಲೈ 30ರಂದು ಲಿಯೇಜ್ ಬಳಿಯ ಗ್ರಾಸ್-ಬರ್ಲೂರಿನಲ್ಲಿ ಸಶಸ್ತ್ರ ಪೊಲೀಸರ ಗುಂಡಿಗೆ ನಾಲ್ವರು ಬಲಿಯಾದರು. ಅಂತರ್ಯುದ್ಧದ ಭೀತಿ ಕವಿದಾಗ ಲಿಯೊಪೋಲ್ಡ್ ಅಧಿಕಾರವನ್ನು ಮಗ ಬೋದುವಾಂಗೆ ವಹಿಸಲು ಒಪ್ಪಿದನು, 1951ರ ಜುಲೈನಲ್ಲಿ ಸಿಂಹಾಸನವನ್ನೂ ತ್ಯಜಿಸಿದನು. ಗೆದ್ದ ಬಹುಮತ ಬೀದಿಯ ಒತ್ತಡಕ್ಕೆ ಮಣಿಯಿತೆಂದು ಫ್ಲಾಂಡರ್ಸ್‌ನ ಅನೇಕರೂ, ಉತ್ತರದ ಸಂಖ್ಯಾಬಲ ತಮ್ಮನ್ನು ಸದಾ ಮಣಿಸಬಲ್ಲದೆಂದು ವಲೋನಿಯದ ಅನೇಕರೂ ಭಾವಿಸಿದ್ದರಿಂದ ಎರಡೂ ಕಡೆ ಕಹಿ ಉಳಿಯಿತು.

ಮಹತ್ತ್ವ: ಸಮುದಾಯಗಳು ಪ್ರದೇಶವಾರು ಹಂಚಿಹೋಗಿರುವ ದೇಶದಲ್ಲಿ ಒಟ್ಟು ಮತಗಳ ಬಹುಮತವೊಂದೇ ಎಲ್ಲರೂ ಒಪ್ಪುವ ತೀರ್ಪಾಗಲಾರದೆಂಬುದಕ್ಕೆ ಈ ಪ್ರಸಂಗ ಪ್ರಬಲವಾದ ನಿದರ್ಶನ. ಬೆಲ್ಜಿಯಂ 1993ರಲ್ಲಿ ಸಂಯುಕ್ತ ರಾಜ್ಯವಾಗಿ ರೂಪುಗೊಂಡದ್ದಕ್ಕೆ ರಾಜಪ್ರಶ್ನೆಯೊಂದೇ ಕಾರಣವಲ್ಲ. ಆದರೂ ಸಮುದಾಯಗಳ ಮೂಲಭೂತ ಏರ್ಪಾಡನ್ನು ಬದಲಿಸುವ ಕಾಯಿದೆಗಳಿಗೆ ಒಟ್ಟಾರೆ ಮೂರನೆಯ ಎರಡು ಭಾಗದ ಮತಗಳಲ್ಲದೆ ಸಂಸತ್ತಿನ ಪ್ರತಿಯೊಂದು ಭಾಷಾಗುಂಪಿನ ಬಹುಮತವೂ ಬೇಕೆಂದು 1970ರ ಸಂವಿಧಾನ ಸುಧಾರಣೆ ವಿಧಿಸಿದ ನಿಯಮ, 1950ರಲ್ಲಿ ಕಾಣಿಸಿಕೊಂಡ ಸಮಸ್ಯೆಗೇ ನೀಡಿದ ಉತ್ತರವಾಗಿದೆ.