ರೂಪಾಯಿ ಚಿಹ್ನೆ ₹: ಅರ್ಥ, ಹಿನ್ನೆಲೆ ಮತ್ತು ಗೋವೆಯಲ್ಲಿ ನಿತ್ಯ ಬಳಕೆ

ಭಾರತದ ರೂಪಾಯಿಯನ್ನು ಸೂಚಿಸುವ ಅಧಿಕೃತ ಚಿಹ್ನೆ ₹. ದೇವನಾಗರಿ ಲಿಪಿಯ ‘ರ’ ಅಕ್ಷರವನ್ನೂ ಲಂಬ ಗೆರೆಯಿಲ್ಲದ ರೋಮನ್ ‘ಆರ್’ ಅಕ್ಷರವನ್ನೂ ಬೆಸೆದು ಇದನ್ನು ರೂಪಿಸಲಾಗಿದೆ. ಮೇಲಿನ ಎರಡು ಅಡ್ಡಗೆರೆಗಳು ನಡುವಣ ತೆರವಿನೊಡನೆ ತ್ರಿವರ್ಣ ಧ್ವಜವನ್ನು ನೆನಪಿಸುತ್ತವೆ. ಅವುಗಳಿಗೆ ಸಮಾನತೆಯ ಗುರುತೆಂಬ ಅರ್ಥವೂ ಉಂಟು. ಕೇಂದ್ರ ಸರ್ಕಾರವು 2009ರಲ್ಲಿ ಏರ್ಪಡಿಸಿದ ಸ್ಪರ್ಧೆಯಲ್ಲಿ ಐಐಟಿ ಮುಂಬೈಯ ಡಿ. ಉದಯ ಕುಮಾರ್ ಅವರ ವಿನ್ಯಾಸ ಆಯ್ಕೆಯಾಯಿತು. 2010ರ ಜುಲೈ 15ರಂದು ಕೇಂದ್ರ ಸಚಿವ ಸಂಪುಟ ಅದಕ್ಕೆ ಒಪ್ಪಿಗೆ ನೀಡಿತು. ಅದೇ ವರ್ಷ ಚಿಹ್ನೆ ಯೂನಿಕೋಡ್‌ಗೆ ಸೇರಿತು. 2011ರಿಂದ ನಾಣ್ಯಗಳ ಮೇಲೆ ಕಾಣಿಸಿಕೊಂಡಿತು. ಅದಕ್ಕೂ ಮೊದಲು ಬಳಕೆಯಲ್ಲಿದ್ದ ‘ಆರ್‌ಎಸ್’ ಎಂಬ ಸಂಕ್ಷೇಪ ಪಾಕಿಸ್ತಾನ, ನೇಪಾಳ, ಶ್ರೀಲಂಕಾಗಳ ರೂಪಾಯಿಗೂ ಸಲ್ಲುತ್ತಿತ್ತು.

ಗೋವೆಯ ಹಣದ ಇತಿಹಾಸ ಬೇರೆಯೇ ಆಗಿದೆ. ಪೋರ್ಚುಗೀಸರ ಕಾಲದಲ್ಲಿ ಇಲ್ಲಿ ‘ರುಪಿಯಾ’ ಚಲಾವಣೆಯಲ್ಲಿತ್ತು. ಒಂದು ರುಪಿಯಾಕ್ಕೆ 16 ತಾಂಗಾ. 1958ರಲ್ಲಿ ಅದರ ಸ್ಥಾನಕ್ಕೆ ‘ಎಸ್ಕುದೊ’ ಬಂದಿತು. ಒಂದು ರುಪಿಯಾಕ್ಕೆ 6 ಎಸ್ಕುದೊ ಎಂಬುದು ವಿನಿಮಯ ದರವಾಗಿತ್ತು. ಎಸ್ಕುದೊದ ಚಿಹ್ನೆಯನ್ನು ಮೊತ್ತದ ಮುಂದಲ್ಲ, ಎಸ್ಕುದೊ ಮತ್ತು ಸೆಂತಾವೊಗಳ ಅಂಕಿಗಳ ನಡುವೆ ಬರೆಯುತ್ತಿದ್ದರು. 1961ರ ಡಿಸೆಂಬರ್ 19ರ ವಿಮೋಚನೆಯ ಬಳಿಕ ಭಾರತದ ರೂಪಾಯಿ ಗೋವೆಯ ಹಣವಾಯಿತು.

ಬರೆಯುವ ಕ್ರಮ

ಚಿಹ್ನೆಯನ್ನು ಅಂಕಿಯ ಮುಂದೆ ಬರೆಯಬೇಕು, ಓದುವಾಗ ಹಿಂದೆ ಹೇಳಬೇಕು: ₹500 ಎಂದರೆ ‘ಐನೂರು ರೂಪಾಯಿ’. ‘ರೂ.’ ಎಂಬ ಕನ್ನಡ ಸಂಕ್ಷೇಪವೂ ಸರಿಯೇ. ಆದರೆ ಎರಡನ್ನೂ ಒಟ್ಟಿಗೆ ಬರೆದರೆ ಪುನರುಕ್ತಿಯಾಗುತ್ತದೆ. ಪೈಸೆಗೆ ಬೇರೆ ಚಿಹ್ನೆ ಬೇಕಿಲ್ಲ. ಹತ್ತು ರೂಪಾಯಿ ಐವತ್ತು ಪೈಸೆಯನ್ನು ₹10.50 ಎಂದು ಬರೆಯಬಹುದು. ಒಂದು ಲಕ್ಷವನ್ನು ₹1,00,000 ಎಂದು ಬರೆಯುವುದು ನಮ್ಮ ದೇಶದ ರೂಢಿ. ಮೊತ್ತದ ಕೊನೆಗೆ ‘/-’ ಗುರುತು ಹಾಕುವುದು, ಮುಂದೆ ಯಾರೂ ಅಂಕಿ ಸೇರಿಸದಿರಲೆಂದು.

ಅಕ್ಷರಗಳಲ್ಲಿ ಮೊತ್ತ

ವಾಸ್ಕೋದ ಬೈನಾದಲ್ಲಾಗಲಿ ಮಾಪುಸಾದ ಶುಕ್ರವಾರದ ಸಂತೆಯಲ್ಲಾಗಲಿ ಕನ್ನಡಿಗ, ಕೊಂಕಣಿಗ, ಮರಾಠಿ ವ್ಯಾಪಾರಿಗಳೆಲ್ಲ ₹ ಮತ್ತು ಅಂಕಿಯನ್ನು ತಂತಮ್ಮ ಭಾಷೆಯಲ್ಲೇ ಓದಿಕೊಳ್ಳುತ್ತಾರೆ. ಆದರೆ ಚೆಕ್ ಮತ್ತು ಪ್ರಾಮಿಸರಿ ನೋಟುಗಳಲ್ಲಿ ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸವಿದ್ದರೆ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೆಯ ಕಲಮಿನಂತೆ ಅಕ್ಷರಗಳಲ್ಲಿರುವ ಮೊತ್ತವೇ ಸಿಂಧು. ಕನ್ನಡವನ್ನು ಮಾತ್ರ ಓದಬಲ್ಲ ಕೂಲಿಕಾರನಿಗೆ ₹ ಮತ್ತು ಅಂಕಿ ತಿಳಿದೀತು, ಇಂಗ್ಲಿಷಿನಲ್ಲೋ ದೇವನಾಗರಿಯಲ್ಲೋ ಬರೆದ ಅಕ್ಷರಗಳು ತಿಳಿಯಲಾರವು. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಚೆಕ್ಕನ್ನು ಹಿಂದಿ, ಇಂಗ್ಲಿಷ್ ಅಥವಾ ಆಯಾ ಪ್ರದೇಶದ ಭಾಷೆಯಲ್ಲಿ ಬರೆಯಬಹುದು. ಗೋವೆಯ ರಾಜಭಾಷೆ ಕೊಂಕಣಿ. ಆದುದರಿಂದ ಸಾಲಪತ್ರಕ್ಕೆ ರುಜು ಅಥವಾ ಹೆಬ್ಬೆಟ್ಟು ಹಾಕುವ ಮುನ್ನ ಅಕ್ಷರಗಳಲ್ಲಿರುವ ಮೊತ್ತವನ್ನು ನಂಬುಗೆಯವರಿಂದ ಓದಿಸಿ ಕೇಳುವುದು ಕ್ಷೇಮ.

ನೋಟಿನ ಮೇಲಿನ ಕನ್ನಡ

ಚೆಕ್ಕಿನಲ್ಲಿ ದೊರೆಯದ ಸ್ಥಾನ ಕನ್ನಡಕ್ಕೆ ನೋಟಿನಲ್ಲಿ ಉಂಟು. ಹಿಂಬದಿಯ ಭಾಷಾ ಫಲಕದಲ್ಲಿ 15 ಭಾಷೆಗಳಿದ್ದು, ಇಂಗ್ಲಿಷ್ ಅಕ್ಷರಕ್ರಮದಂತೆ ಕನ್ನಡ ನಾಲ್ಕನೆಯದು, ಕೊಂಕಣಿ ಆರನೆಯದು. ನೂರರ ನೋಟಿನಲ್ಲಿ ‘ನೂರು ರೂಪಾಯಿಗಳು’ ಎಂಬ ಸಾಲು ಬೆಂಗಳೂರಿನಲ್ಲಿರುವಂತೆಯೇ ಪಣಜಿಯಲ್ಲೂ ಇದೆ.