ಗರಡಿ ಮನೆ

ಗರಡಿ ಮನೆ ಹಳೆ ಮೈಸೂರು ಸೀಮೆಯಲ್ಲಿ ಕುಸ್ತಿ ಮತ್ತು ಅಂಗಸಾಧನೆ ಕಲಿಸುವ ಸಾಂಪ್ರದಾಯಿಕ ವ್ಯಾಯಾಮಶಾಲೆ. ಇಲ್ಲಿನ ಕಸರತ್ತಿಗೆ ಸಾಮು ಎಂದು ಹೆಸರು. ಕಲಿಸುವವರು ಉಸ್ತಾದರು, ಪಳಗಿದವರು ಪೈಲ್ವಾನರು. ಗರಡಿಗೆ ಹೋದವರೆಲ್ಲ ಪೈಲ್ವಾನರಾಗಲಿಲ್ಲ, ಆಗಬೇಕೆಂಬ ನಿಯಮವೂ ಇರಲಿಲ್ಲ. ನಸುಕಿನಲ್ಲಿ ಏಳುವುದು, ದಿನವೂ ಒಂದಷ್ಟು ಹೊತ್ತು ಮೈ ದಂಡಿಸುವುದು, ಹಿರಿಯರ ಮಾತಿಗೆ ಕಿವಿಗೊಡುವುದು ಮುಂತಾದ ಸಣ್ಣ ರೂಢಿಗಳಿಂದ ಊರಿನ ಹುಡುಗರನ್ನು ಗಟ್ಟಿಗರನ್ನಾಗಿ ಮಾಡಿದ್ದು ಅದರ ನಿಜವಾದ ಸಾಧನೆ.

ಕನ್ನಡ ನಾಡಿನಲ್ಲಿ ಮಲ್ಲವಿದ್ಯೆ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವರ್ಗ, ಆಹಾರ, ಅಭ್ಯಾಸಗಳನ್ನು ವಿವರಿಸುವ ಭಾಗವೇ ಇದೆ. ಮೈಸೂರು ಅರಸರು ಜಟ್ಟಿಗಳೆಂಬ ಮಲ್ಲರ ಮನೆತನಗಳಿಗೆ ಆಶ್ರಯ ಕೊಟ್ಟರು. ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರಿನ ಜಟ್ಟಿಗಳು ವಿಜಯದಶಮಿಯ ದಿನ ಅರಮನೆಯಲ್ಲಿ, ಮುಷ್ಟಿಗೆ ಮೊನಚಾದ ಆಯುಧ ತೊಟ್ಟು ಹೋರಾಡುವ ವಜ್ರಮುಷ್ಟಿ ಕಾಳಗಕ್ಕೆ ಇಂದಿಗೂ ಇಳಿಯುತ್ತಾರೆ. ಎದುರಾಳಿಯ ಬೋಳಿಸಿದ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ.

ಗರಡಿಯ ಕಟ್ಟಡ ಸಾಮಾನ್ಯವಾಗಿ ಚಿಕ್ಕದು. ಹಳೆಯ ಗರಡಿಗಳ ಬಾಗಿಲು ಗಿಡ್ಡ. ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಹನುಮಂತನ ಗೂಡು, ಗೋಡೆಗೆ ಒರಗಿಸಿದ ಗದೆಗಳು, ಕಲ್ಲುಗುಂಡುಗಳು, ನಡುವೆ ಕೆಮ್ಮಣ್ಣಿನ ಅಖಾಡ. ಜರಡಿ ಹಿಡಿದ ಮಣ್ಣಿಗೆ ಅರಿಶಿನ, ಕುಂಕುಮ, ಎಣ್ಣೆ, ಮಜ್ಜಿಗೆ, ನಿಂಬೆರಸ, ಕರ್ಪೂರ ಬೆರೆಸಿ ಹದ ಮಾಡುತ್ತಾರೆ. ಬಿದ್ದವನಿಗೆ ಪೆಟ್ಟಾಗದಂತೆ ಅದು ಮೃದುವಾಗಿರಬೇಕು, ಕಾಲು ಜಾರದಷ್ಟು ಪಸೆಯೂ ಇರಬೇಕು.

ದಿನದ ಸಾಮು ಶುರುವಾಗುವುದು ಈ ಮಣ್ಣಿನಿಂದಲೇ. ಹುಡುಗರು ಲಂಗೋಟಿ ಬಿಗಿದು, ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು, ಗುದ್ದಲಿಯಿಂದ ಅಖಾಡವನ್ನು ಅಗೆದು ಹೆಂಟೆ ಒಡೆದು ಸಮ ಮಾಡುತ್ತಾರೆ. ಹೆಗಲು, ಸೊಂಟ, ಅಂಗೈ ಅಷ್ಟರಲ್ಲೇ ಕಾವೇರಿರುತ್ತವೆ. ಆಮೇಲೆ ದಂಡ: ಎರಡೂ ಅಂಗೈ ನೆಲಕ್ಕೂರಿ ಸೊಂಟ ಮೇಲೆತ್ತಿ, ಎದೆಯನ್ನು ನೆಲ ಸವರುವಂತೆ ಮುಂದಕ್ಕೆ ತಂದು ತಲೆ ಎತ್ತುವ ಒಂದೇ ಓಘದ ಚಲನೆ. ಜೊತೆಗೆ ಬಸ್ಕಿ, ಗದೆ ತಿರುಗಿಸುವುದು, ಕಲ್ಲು ಎತ್ತುವುದು. ಹೊಸಬನಿಗೆ ಉಸ್ತಾದರು ಪಟ್ಟು ಹೇಳಿಕೊಡುವ ಅವಸರ ಮಾಡುವುದಿಲ್ಲ. ಉಸಿರು ತಪ್ಪದೆ ಆಗುವಷ್ಟೇ ದಂಡ ಹೊಡೆಸಿ, ಮೈ ಒಗ್ಗಿದ ಮೇಲೆ ಒಂದೆರಡು ಕೂಡಿಸುತ್ತಾರೆ. ನಿನ್ನೆಗಿಂತ ತುಸು ಹೆಚ್ಚು, ನಾಳೆಗೂ ಉಳಿಯುವಷ್ಟು ಕಸುವು ಎಂಬ ಈ ಲೆಕ್ಕಾಚಾರವೇ ಗರಡಿ ಪದ್ಧತಿಯ ಜೀವಾಳ.

ಈ ಕ್ರಮ ಸರಿಯೆಂದು ಇಂದಿನ ವಿಜ್ಞಾನವೂ ಹೇಳುತ್ತದೆ. ಹೊರೆಯನ್ನು ಸ್ವಲ್ಪ ಸ್ವಲ್ಪವೇ ಏರಿಸಿದಾಗ ಸ್ನಾಯುಗಳು ಅದಕ್ಕೆ ಒಗ್ಗಿ ಬಲಿಯುತ್ತವೆ. ಒಮ್ಮೆಲೇ ಏರಿಸಿದರೆ ಕೀಲು, ಸ್ನಾಯುಗಳಿಗೆ ಪೆಟ್ಟು ಬೀಳುವ ಅಪಾಯ ಹೆಚ್ಚು. ದಿನದ ರೂಢಿಯ ವಿಚಾರಕ್ಕೆ ಬಂದರೆ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಹಂತಕ್ಕೆ ಬರಲು ಜನರಿಗೆ 18ರಿಂದ 254 ದಿನ ಹಿಡಿದಿತ್ತು. ನಡುಮಧ್ಯದ ಅವಧಿ 66 ದಿನ. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲವೆಂಬುದೂ ಅದರಲ್ಲಿ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆಯನ್ನೂ, ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಸೂಚಿಸುತ್ತದೆ.

ಗಳಿಸಿದ ಬಲಕ್ಕೆ ಗರಡಿ ಒಂದು ಹೊಣೆಯನ್ನೂ ಕೊಡುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ಕರಗ ಉತ್ಸವ. ಬೆಂಗಳೂರಿನಲ್ಲಿ ಚೈತ್ರ ಪೌರ್ಣಮಿಗೆ ನಡೆಯುವ ಕರಗದಲ್ಲಿ ಹೂವಿನ ಕರಗದ ಸುತ್ತ ಕತ್ತಿ ಹಿಡಿದು ಸಾಗುವ ವೀರಕುಮಾರರು ತಿಗಳ ಸಮುದಾಯದವರು. ಈ ಸೇವೆಗೆ ಮೈಮನಸ್ಸು ಅಣಿಗೊಳಿಸುವ ಪರಂಪರೆ ಪೇಟೆಯ ಗರಡಿಗಳಲ್ಲಿ ಬೆಳೆದು ಬಂದಿದೆ. ಹೂವು ತರಕಾರಿ ಬೆಳೆಯುವ ತೋಟಗಾರಿಕೆಯೇ ಕುಲಕಸುಬಾಗಿದ್ದ ಈ ಜನರಲ್ಲಿ ದುಡಿಮೆ, ಸಾಮು, ದೈವಸೇವೆ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಹೊಸಕೋಟೆ, ದೊಡ್ಡಬಳ್ಳಾಪುರ, ಆನೇಕಲ್ಲಿನಲ್ಲೂ ಕರಗ ನಡೆಯುತ್ತದೆ.

ಗರಡಿಯ ಶಿಸ್ತನ್ನು ಆಧುನಿಕ ವ್ಯಾಯಾಮಕ್ಕೆ ಜೋಡಿಸಿದವರಲ್ಲಿ ಕೆ.ವಿ. ಅಯ್ಯರ್ ಪ್ರಮುಖರು. ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ ಅವರು ದಂಡ, ಸೂರ್ಯನಮಸ್ಕಾರಗಳ ಜೊತೆಗೆ ಡಂಬೆಲ್, ಬಾರ್‌ಬೆಲ್ ಬಳಸಿದರು. ದೂರದವರಿಗೆ ಅಂಚೆಯ ಮೂಲಕವೂ ಪಾಠ ಕಳಿಸಿದರು. ಅದೇ ಅಯ್ಯರ್ ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತರು, ರಂಗಭೂಮಿಯಲ್ಲಿ ದುಡಿದವರು, ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರು. ದೇಹಸಾಧನೆಯೂ ಸಾಹಿತ್ಯವೂ ಒಬ್ಬನೇ ಮನುಷ್ಯನಲ್ಲಿ ಹೀಗೆ ಬೆಳೆದದ್ದು ಕನ್ನಡದಲ್ಲಿ ಅಪರೂಪ.

ಗರಡಿಗಳು ಬೆಳೆದ ಕಾಲಕ್ಕೆ ಹೋಲಿಸಿದರೆ ಬೆಂಗಳೂರಿನ ಸುತ್ತಲಿನ ಹಳ್ಳಿಗಳ ಬದುಕು ಈಗ ಬೇರೆಯಾಗಿದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಂಥ ಹೋಬಳಿಗಳಲ್ಲಿ ಹಿಂದೆ ನೇಗಿಲು ಹೂಡುವುದು, ಕಪಿಲೆಯಿಂದ ನೀರೆತ್ತುವುದು, ರಾಗಿ ಕಟಾವು, ಒಕ್ಕಣೆಗಳಲ್ಲೇ ಮೈ ಸವೆಯುತ್ತಿತ್ತು. ಟ್ರ್ಯಾಕ್ಟರ್, ಕೊಳವೆಬಾವಿ, ಕಾರ್ಖಾನೆಯ ಪಾಳಿ ಬಂದ ಮೇಲೆ ಆ ಶ್ರಮ ಬಹುಮಟ್ಟಿಗೆ ತಪ್ಪಿತು. ವಿದ್ಯುತ್ ಮಗ್ಗದ ಮುಂದೆ ನಿಲ್ಲುವ ನೇಕಾರನಿಗೂ ನಗರಕ್ಕೆ ಬಸ್ಸಿನಲ್ಲಿ ಹೋಗಿಬರುವ ನೌಕರನಿಗೂ ಈಗ ವ್ಯಾಯಾಮಕ್ಕೆಂದೇ ಹೊತ್ತು ತೆಗೆದಿಡಬೇಕಾಗಿದೆ. ಪೇಟೆಗಳಲ್ಲಿ ಗರಡಿಯ ಜಾಗವನ್ನು ಜಿಮ್‌ಗಳು ತುಂಬುತ್ತಿವೆ.

ಹೆಣ್ಣುಮಕ್ಕಳಿಗೆ ಹಳೆಯ ಗರಡಿಗಳಲ್ಲಿ ಪ್ರವೇಶವಿರಲಿಲ್ಲ. ಇದು ಆ ಪರಂಪರೆಯ ದೊಡ್ಡ ಕೊರತೆ. ಮೈಸೂರು ದಸರಾ ಕುಸ್ತಿಯಲ್ಲಿ ಈಗ ಮಹಿಳೆಯರ ಪಂದ್ಯಗಳೂ ನಡೆಯುತ್ತಿವೆ. ಅಂತರರಾಷ್ಟ್ರೀಯ ಸ್ಪರ್ಧೆಗಳು ಮ್ಯಾಟಿನ ಮೇಲೆ ನಡೆಯುವುದರಿಂದ ಮಣ್ಣಿನ ಅಖಾಡಕ್ಕೆ ಮೊದಲಿನ ಬೇಡಿಕೆ ಇಲ್ಲ. ಆದರೂ ದಂಡ ಬಸ್ಕಿಗಳಿಗೆ ಸಲಕರಣೆ ಬೇಡ, ಶುಲ್ಕ ಬೇಡ, ಆರಡಿ ಜಾಗ ಸಾಕು. ತಪ್ಪು ತಿದ್ದಿ, ಪ್ರಾಯಕ್ಕೆ ತಕ್ಕಷ್ಟು ಸಾಮು ಹೇಳಿಕೊಡುವ ಅನುಭವಿ ಉಸ್ತಾದರು ಮಾತ್ರ ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಗರಡಿಗಳನ್ನು ಉಳಿಸುವ ಯಾವ ಯೋಜನೆಯಾದರೂ ಕಟ್ಟಡದ ದುರಸ್ತಿಗಿಂತ ಮೊದಲು ಅವರಿಗೆ ಸಂಬಳ ಗೊತ್ತುಮಾಡಬೇಕು.